ಗಂಡಕಿಯ ಹಾದಿಗೆ ಗಿರಿಜಾ ಆರಿಸಿದ ಟೈರು

ನಿಗಡಿ

ಗಿರಿಜಾ ನನ್ನ ಮೋಟರ್‌ಸೈಕಲ್ಲಿನ ಹಿಂದೆ ಕೂರುವುದು ಬಿಟ್ಟು ಆರು ವರ್ಷವಾಗಿತ್ತು. ಪುಣೆಯಲ್ಲಿ ಇಂಥದ್ದನ್ನು ಯಾರೂ ಗಮನಿಸುವುದಿಲ್ಲ. ಇಲ್ಲಿ ಹೆಂಗಸರು ಮುಖಕ್ಕೆ ಓಢಣಿ ಸುತ್ತಿಕೊಂಡು ತಮ್ಮ ತಮ್ಮ ಸ್ಕೂಟರ್ ಮೇಲೆ ಹೊರಟುಬಿಡುತ್ತಾರೆ. ನನ್ನ ಹೆಂಡತಿ ಗಿರಿಜಾಳೂ ಹಾಗೆಯೇ ಶಾಲೆಗೆ ಹೋಗಿಬರುತ್ತಿದ್ದಳು. ಮದುವೆ ಮುಂಜಿವೆಗೆ ಇಬ್ಬರೂ ಎರಡು ಗಾಡಿಗಳಲ್ಲಿ, ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದೆವು. ನೋಡಿದವರು ಇದೊಂದು ಶೋಕಿ ಅಂದುಕೊಂಡಿದ್ದರು.

ಆರು ವರ್ಷದ ಹಿಂದೆ ಇಂದಾಪುರದಲ್ಲಿ ಒಂದು ಮದುವೆ ಮುಗಿಸಿಕೊಂಡು ಸೋಲಾಪುರ ಹೈವೇಯಲ್ಲಿ ಬರುವಾಗ, ಮೊದಲ ಮಳೆಗೆ ನನ್ನ ಗಾಡಿ ಜಾರಿತ್ತು. ನನಗೆ ಮೊಣಕಾಲು ತರಚಿತು, ಅವಳ ಬಲಗೈ ಮಣಿಕಟ್ಟು ಮುರಿಯಿತು. ಅವಳು ಭೂಗೋಳ ಕಲಿಸುವವಳು. ಅಂದಿನಿಂದ ಹಲಗೆಯ ಮೇಲೆ ಮಣಿಕಟ್ಟು ತಿರುಗಿಸಿ ಬರೆಯಲಾಗದೆ ಭುಜದಿಂದ ಬರೆಯುತ್ತಾಳೆ, ಹಾಗಾಗಿ ಅವಳ ನದಿಗಳೆಲ್ಲ ಮೊದಲಿಗಿಂತ ದೊಡ್ಡವಾಗಿವೆ. ರಸ್ತೆಯ ಮೇಲೆ ಡೀಸೆಲ್ ಚೆಲ್ಲಿತ್ತು ಅಂತ ನಾನು ಎಲ್ಲರಿಗೂ ಹೇಳಿದೆ. ಅವಳಿಗೂ ಹಾಗೆಯೇ ಹೇಳಿದೆ.

ನೇಪಾಳದಲ್ಲಿ ಕಾಳಿ ಗಂಡಕಿಯ ಗುಂಟ ಜೋಮ್‌ಸೋಮ್ ಊರಿನವರೆಗೆ ಜೀಪು ಹೋಗುವಂಥ ಹಾದಿ ಕಡಿದಿದ್ದಾರೆ ಎಂಬ ಸುದ್ದಿಯನ್ನು ನಮ್ಮ ಚಿಂಚವಾಡದ ಕಾರ್ಖಾನೆಯ ನೇಪಾಳಿ ಕಾವಲುಗಾರ ನನಗೆ ಹೇಳಿದ. ನಾನು ಮನೆಗೆ ಬಂದು ಗಿರಿಜಾಳಿಗೆ ಹೇಳಿದೆ. ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಹಿಮಾಲಯ ಏಳುವ ಮೊದಲೇ ಹರಿಯುತ್ತಿದ್ದ ನದಿ ಅದು, ಬೆಟ್ಟ ಎದ್ದಷ್ಟೂ ಕೊರೆಯುತ್ತ ತನ್ನ ಹಾದಿ ಬಿಡದೆ ಉಳಿದದ್ದು, ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ಅವಳು.

"ಬರ್ತೀನಿ," ಅಂದಳು. "ಆದ್ರ ಟೈರು ನಾ ಆರಸ್ತೀನಿ."

ನಮ್ಮದು ಮುನ್ನೂರೈವತ್ತು ಸಿಸಿಯ ಹಳೆಯ ಗಾಡಿ. ಹಿಂದಿನ ಗಾಲಿ, ಮುಂದಿನ ಗಾಲಿ ಎರಡೂ ಒಂದೇ ಅಳತೆಯವು. ಟೈರಿಗೆ ನಾವು ಹೋಗುವುದು ನಿಗಡಿಯ ಹಳೆ ಹೈವೇ ಪಕ್ಕದ ಶರಣಪ್ಪನ ಅಂಗಡಿಗೆ. ಶರಣಪ್ಪ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ಬೆನ್ನು ನೋವಾಗಿ ಆ ಕೆಲಸ ಬಿಟ್ಟು, ಪಂಕ್ಚರ್ ತಿದ್ದುವುದು ಕಲಿತು ಇಲ್ಲಿಯೇ ನೆಲೆ ನಿಂತವನು. ಗಿರಾಕಿಗಳ ಜೊತೆ ಅಚ್ಚ ಮರಾಠಿ, ವಿಜಾಪುರದವರಾದ ನಮ್ಮ ಜೊತೆ ಊರಿನ ಕನ್ನಡ.

ನನ್ನ ಮನಸ್ಸು ಬಟನ್ ಟೈರಿನ ಮೇಲಿತ್ತು. ರ‍್ಯಾಲಿಯಲ್ಲಿ ಓಡುವವರು ಹಾಕುತ್ತಾರಲ್ಲ, ದೂರ ದೂರ ಎದ್ದು ನಿಂತ ರಬ್ಬರಿನ ಗಟ್ಟಿಗಳದ್ದು. ಪುಣೆಯ ಒಬ್ಬ ರ‍್ಯಾಲಿ ಹುಚ್ಚನಿಂದ ಹೆಚ್ಚು ಸವೆಯದ ಜೋಡಿಯೊಂದನ್ನು ಶರಣಪ್ಪ ಇಟ್ಟುಕೊಂಡಿದ್ದ. ಅದನ್ನು ನೋಡಿದರೇ ಹಿಮಾಲಯ ಹತ್ತಿದಂತೆ ಅನ್ನಿಸುತ್ತಿತ್ತು.

ಗಿರಿಜಾ ಸ್ಟೂಲಿನ ಮೇಲೆ ಕೂತು ನೆಲದ ಲೆಕ್ಕ ಹೇಳಿದಳು. "ಶರಣಪ್ಪಾ, ಗೋರಖಪುರದಿಂದ ಪೋಖರಾ ದಾಟಿ ಬೇನಿತನಕ ಡಾಂಬರು. ಅಲ್ಲಿಂದ ಮಣ್ಣು, ಕಡಿದ ಕಲ್ಲು. ಮ್ಯಾಲ ಹೋದಂಗ ನದಿ ಪಾತ್ರ, ಗುಂಡಗಲ್ಲು, ಉಸುಕು. ಡಾಂಬರು ಹೆಚ್ಚು, ಕಲ್ಲು ಕಡಿಮಿ. ಆದ್ರ ಕಷ್ಟ ಎಲ್ಲಾ ಕಲ್ಲಿನಾಗ."

"ಹಂಗಿದ್ರ ಅಕ್ಕೋರೆ, ಈ ಬಟನ್ ಬ್ಯಾಡ್ರಿ," ಎಂದ ಶರಣಪ್ಪ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ. "ಕೆಸರಿನಾಗ ಇದು ರಾಜಾ. ಡಾಂಬರಿನ ಮ್ಯಾಲ ಗಟ್ಟಿಗೋಳ ತುದಿಯಷ್ಟ ನೆಲಕ್ಕ ಹತ್ತತಾವ. ಮಳಿ ಬಿದ್ದಾಗ ಬ್ರೇಕ್ ಹಿಡದ್ರ ಹಿಡಿಯಂಗಿಲ್ಲ. ಬೇನಿ ಮುಟ್ಟೂದ್ರಾಗ ಅರ್ಧ ಸವದ ಹೋಗಿರ್ತದ."

"ಈ ರಸ್ತಾದ ಟೈರು?"

"ಅದು ಡಾಂಬರಿಗೆ ಛಲೋ. ಉಸುಕಿನಾಗ ಹುಗೀತದ."

ಅವಳು ಮೂರನೆಯದೊಂದನ್ನು ಎಳೆದುಕೊಂಡಳು. ಅದರಲ್ಲೂ ಗಟ್ಟಿಗಳಿದ್ದವು, ಆದರೆ ಒತ್ತೊತ್ತಾಗಿ, ನಡುಮಧ್ಯೆ ಹೆಚ್ಚು ಕಡಿಮೆ ಕೂಡಿಕೊಂಡು, ಅಂಚಿಗೆ ಬಂದಂತೆ ಬಿಡಿಬಿಡಿಯಾಗಿ. ಉಗುರಿನಿಂದ ರಬ್ಬರ್ ಒತ್ತಿ ನೋಡಿದಳು. ಟೈರಿನ ಪಕ್ಕದ ಗೋಡೆಯನ್ನು ಬೆರಳಿನಿಂದ ಸವರಿದಳು. ಜವಳಿ ಅಂಗಡಿಯಲ್ಲಿ ಸೀರೆಯ ಸೆರಗನ್ನೂ ಅವಳು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

"ಇದನ್ನ ಹಾಕಪ್ಪ," ಅಂದಳು. "ಎರಡಕೂ ಇದ."

ಶರಣಪ್ಪ ಗಾಳಿ ಅಳೆಯುವ ಒಂದು ಕಡ್ಡಿಯನ್ನೂ ಕಾಲಿನಿಂದ ತುಳಿಯುವ ಪಂಪನ್ನೂ ಅವಳ ಕೈಗೇ ಕೊಟ್ಟ. ಡಾಂಬರಿನ ಮೇಲೆ ಪೂರ್ತಿ ಗಾಳಿ, ಕಲ್ಲುಹಾದಿ ಬಂದ ಕೂಡಲೇ ಇಳಿಸಬೇಕು, ಆಗ ಟೈರು ಕಲ್ಲನ್ನು ತಬ್ಬಿಕೊಳ್ಳುತ್ತದೆ, ಆದರೆ ಜೋರು ಹೊಡೆಯಬಾರದು ಎಂದು ಕಲಿಸಿದ. ನನಗೆ ಏನೂ ಹೇಳಲಿಲ್ಲ. ನಾನು ಬಟನ್ ಟೈರಿನ ಜೋಡಿಯನ್ನು ಇನ್ನೊಂದು ಸಲ ಮುಟ್ಟಿ ಹೊರಗೆ ಬಂದೆ.

ಸುನೌಲಿ

ದೀಪಾವಳಿ ರಜೆಯಲ್ಲಿ ಗಾಡಿಯನ್ನು ಗೋಣಿಪಟ್ಟೆಯಲ್ಲಿ ಸುತ್ತಿ ರೈಲಿಗೆ ಹಾಕಿ, ನಾವೂ ಅದೇ ರೈಲಿನಲ್ಲಿ ಗೋರಖಪುರಕ್ಕೆ ಹೋದೆವು. ಒಂದು ಕನ್ನಡಿ ಒಡೆದಿತ್ತು, ಬೇರೆ ಎಲ್ಲ ನೆಟ್ಟಗಿತ್ತು. ಸ್ಟೇಶನ್ ಹೊರಗೆ ಗಾಡಿ ಚಾಲೂ ಮಾಡಿ ನಾನು ಹಿಂತಿರುಗಿ ನೋಡಿದೆ. ಗಿರಿಜಾ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಒಮ್ಮೆ ಹಿಂದಿನ ಟೈರನ್ನು ಕಾಲಿನಿಂದ ಒದ್ದು, ಹತ್ತಿ ಕೂತಳು. ನನ್ನ ಹೆಗಲು ಹಿಡಿಯಲಿಲ್ಲ. ಹಿಂದಿನ ಕ್ಯಾರಿಯರಿನ ಕಂಬಿ ಹಿಡಿದುಕೊಂಡಳು.

ಗಡಿಯ ಕಮಾನು ದಾಟುತ್ತಲೇ ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ಸರಿಸಬೇಕು. ನೇಪಾಳದ ಹೊತ್ತು ಹಾಗಿದೆ. ಅರ್ಧ ಗಂಟೆಯಲ್ಲ, ಒಂದು ಗಂಟೆಯಲ್ಲ, ಕಾಲು ಗಂಟೆ. ಅವಳು ತಕ್ಷಣ ಸರಿಸಿಕೊಂಡಳು, ನಾನು ಸರಿಸಲಿಲ್ಲ. ಹಾಗಾಗಿ ಆಮೇಲೆ ಎರಡು ದಿನ ಇಬ್ಬರೂ ಒಂದೇ ಗಾಡಿಯ ಮೇಲೆ ಬೇರೆ ಬೇರೆ ಹೊತ್ತಿನಲ್ಲಿ ಹೋದೆವು. "ಎಷ್ಟಾತು?" ಅಂದರೆ ಜಗಳ.

ಗಡಿಯ ಕಚೇರಿಯಲ್ಲಿ ಗಾಡಿಯ ಕಾಗದ ಬರೆದುಕೊಂಡ ನರೆತ ಗುಮಾಸ್ತನೊಬ್ಬ ಹೊರಗೆ ಬಂದು, ಬಗ್ಗಿ ಟೈರು ನೋಡಿ, ಹಿಂದಿಯಲ್ಲಿ ಕೇಳಿದ: "ಎಲ್ಲಿವರೆಗೆ?"

"ಜೋಮ್‌ಸೋಮ್," ಎಂದೆ.

ಅವನು ಗಿರಿಜಾಳನ್ನು ನೋಡಿದ, ಟೈರನ್ನು ನೋಡಿದ. "ಬೆಳಿಗ್ಗೆ ಹೋಗಿ. ಹತ್ತು ಗಂಟೆಯ ಮೇಲೆ ಆ ನದಿಯಲ್ಲಿ ಗಾಳಿಯೇ ಯಜಮಾನ," ಎಂದು ಹೇಳಿ, ನಮ್ಮ ಒಡೆದ ಕನ್ನಡಿಯ ಚೂರೊಂದನ್ನು ಕಿತ್ತು ದೂರ ಎಸೆದು ಒಳಗೆ ಹೋದ.

ತಾನ್‌ಸೇನ್

ಬಯಲು ಮುಗಿದು ಬೆಟ್ಟ ಹತ್ತಿದ ಮೇಲೆ ಸಿಗುವ ಊರು ತಾನ್‌ಸೇನ್. ಮನೆಗಳೆಲ್ಲ ಇಳಿಜಾರಿನಲ್ಲಿ ಒಂದರ ಹೆಗಲ ಮೇಲೆ ಒಂದು ಕೂತಿವೆ. ಬೆಳಗಾದರೆ ಕೆಳಗಿನ ಕಣಿವೆ ತುಂಬ ಬಿಳಿ ಮಂಜು, ಹಾಲು ಕಾಯಿಸಲು ಇಟ್ಟು ಮರೆತಂತೆ ಅದು ಮೆಲ್ಲಗೆ ಮೇಲೇರಿ ಅಂಗಡಿಗಳ ಹೊಸ್ತಿಲಿಗೆ ಬರುತ್ತದೆ. ಜನ ಮಂಜಿನೊಳಗಿಂದ ಬರುತ್ತಾರೆ, ಚಹಾ ಕುಡಿಯುತ್ತಾರೆ, ಮಂಜಿನೊಳಗೆ ಹೋಗುತ್ತಾರೆ. ಅವಸರವೇ ಇಲ್ಲ. ಪುಣೆಯ ಪೇಟೆಗಳ ಓಣಿಗಳೂ ಇಷ್ಟೇ ಇಕ್ಕಟ್ಟು, ಆದರೆ ಅಲ್ಲಿ ಹಾರ್ನ್ ಇಲ್ಲದೆ ಒಂದು ಹೆಜ್ಜೆ ಇಲ್ಲ.

ಆ ಊರಿನ ಓಣಿಗಳಿಗೆ ಕಲ್ಲು ಹಾಸಿದ್ದಾರೆ. ರಾತ್ರಿಯ ಇಬ್ಬನಿಗೆ ಕಲ್ಲು ನುಣ್ಣಗಾಗಿತ್ತು. ಬೆಳಿಗ್ಗೆ ಮೆಲ್ಲಗೆ ಇಳಿಯುತ್ತಿರುವಾಗ ಹಿಂದಿನ ಟೈರು ಸದ್ದಿಲ್ಲದೆ ಪಕ್ಕಕ್ಕೆ ಹೋಯಿತು. ನಾವು ಬಿದ್ದೆವು ಅನ್ನುವುದಕ್ಕಿಂತ ಒರಗಿದೆವು ಅನ್ನಬೇಕು. ಕಿತ್ತಳೆ ಹಣ್ಣಿನ ಬುಟ್ಟಿಗಳ ಸಾಲಿನ ಮೇಲೆ ಮೆತ್ತಗೆ ಒರಗಿದೆವು. ಹಣ್ಣುಗಳು ಇಳಿಜಾರಿನಲ್ಲಿ ಒಂದೊಂದಾಗಿ ಉರುಳಿ ಮಂಜಿನೊಳಗೆ ಹೋದವು.

ನಾನು ಮೊದಲು ಅವಳ ಮಣಿಕಟ್ಟನ್ನೇ ನೋಡಿದೆ. ಹಣ್ಣು ಮಾರುವ ಇಬ್ಬರು ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಗಿರಿಜಾ ಎದ್ದು, ಕೈ ಅಲ್ಲಾಡಿಸಿ ನೋಡಿಕೊಂಡು, ಕಲ್ಲಿನ ಮೇಲೆ ಚಪ್ಪಲಿ ಉಜ್ಜಿ ನೋಡಿದಳು.

"ನಾ ಈ ಹಸಿ ಕಲ್ಲಿನ ವಿಚಾರನ ಮಾಡಿದ್ದಿಲ್ಲ ನೋಡ್ರಿ," ಅಂದಳು. "ಇಲ್ಲಿಗೆ ರಸ್ತಾದ ಟೈರ ಬೇಕಾಗಿತ್ತು. ನನ್ನದ ತಪ್ಪಾತು."

ಎಷ್ಟು ಸುಲಭವಾಗಿ ಅಂದಳು! ನೀರು ಕುಡಿದಂತೆ. ನಾನು ಗಾಡಿ ಎತ್ತುವ ನೆಪದಲ್ಲಿ ಮುಖ ತಿರುಗಿಸಿದೆ. ಉರುಳಿ ಹೋದ ಹಣ್ಣುಗಳನ್ನು ಕೆಳಗಿನ ಮನೆಯವರು ಮಡಿಲಲ್ಲಿ ತುಂಬಿಕೊಂಡು ಮೇಲೆ ತಂದುಕೊಟ್ಟರು. ಹಣ್ಣಿನವರು ನಮಗೂ ಎರಡು ಕೊಟ್ಟರು. ಹುಳಿ ಎಂದರೆ ಹುಳಿ, ಕಿವಿಯವರೆಗೆ ಏರುವಂಥ ಹುಳಿ.

ಬೇನಿಯಿಂದ ಮೇಲೆ

ಬೇನಿಯಲ್ಲಿ ಡಾಂಬರು ಮುಗಿಯಿತು. ಗಿರಿಜಾ ಇಳಿದು ಎರಡೂ ಟೈರಿನ ಗಾಳಿ ಬಿಟ್ಟಳು, ಕಡ್ಡಿ ಚುಚ್ಚಿ ಅಳೆದಳು, ಮತ್ತೆ ಸ್ವಲ್ಪ ಬಿಟ್ಟಳು. ಅಲ್ಲಿಂದ ಮುಂದೆ ಎರಡು ದಿನ ನಾವು ಏನು ಕಂಡೆವು, ಯಾವುದು ಮೊದಲು, ಯಾವುದು ಆಮೇಲೆ ಎಂದು ಈಗ ಕೇಳಿದರೆ ಇಬ್ಬರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಹಾದಿಯ ಒಂದು ಕಡೆ ಗೋಡೆಯಂತೆ ಬೆಟ್ಟ, ಇನ್ನೊಂದು ಕಡೆ ಆಳದಲ್ಲಿ ಬೂದಿ ಬಣ್ಣದ ನದಿ. ಜಲಪಾತಗಳು ಹಾದಿಯ ಮೇಲೆಯೇ ಬೀಳುತ್ತವೆ. ಹೇಸರಗತ್ತೆಗಳ ಸಾಲು ಗಂಟೆ ಅಲ್ಲಾಡಿಸುತ್ತ ಎದುರು ಬಂದರೆ ಬೆಟ್ಟದ ಬದಿಗೆ ಒತ್ತಿಕೊಂಡು ನಿಲ್ಲಬೇಕು. ನದಿಯ ಬದಿಗೆ ನಿಂತರೆ ಅವು ನೂಕಿಬಿಡುತ್ತವೆ. ಟೈರು ಕಲ್ಲುಗಳ ಮೇಲೆ ಬೆಕ್ಕಿನ ಹೆಜ್ಜೆ ಇಡುತ್ತಿತ್ತು. ಗಡಗಡ ಅಲುಗಾಟವಿಲ್ಲ, ಜಾರಾಟವಿಲ್ಲ. ಬಟನ್ ಟೈರಿನ ಆಸೆ ನನ್ನಿಂದ ಅಲ್ಲಿಯೇ ಹೋಯಿತು. ಗಿರಿಜಾಳ ಕೈ ಎಲ್ಲಿಯೋ ಕಂಬಿ ಬಿಟ್ಟು ನನ್ನ ಹೆಗಲಿಗೆ ಬಂದಿತ್ತು. ಯಾವಾಗ ಬಂತು ತಿಳಿಯಲಿಲ್ಲ.

ಘಾಸಾ ಎಂಬ ಹಳ್ಳಿಯಲ್ಲಿ ರಾತ್ರಿ ತಂಗಿದ ಮನೆಯ ಒಡತಿ ನಮ್ಮ ತಟ್ಟೆಯಲ್ಲಿ ಅನ್ನ ಕಡಿಮೆಯಾಗುವುದನ್ನು ಬಾಗಿಲಲ್ಲಿ ನಿಂತೇ ನೋಡುತ್ತಿದ್ದಳು. ಕಡಿಮೆಯಾದ ಕೂಡಲೇ ಒಂದು ಚಮಚ, ಬೇಡ ಅಂದರೂ ಒಂದು ಚಮಚ. "ನಮ್ಮ ವಿಜಾಪುರದ ಅತ್ತಿ ಇಲ್ಲಿ ಬಂದು ಹುಟ್ಯಾಳ," ಎಂದು ಗಿರಿಜಾ ಕನ್ನಡದಲ್ಲಿ ಅಂದದ್ದು ಆಕೆಗೆ ಹೇಗೋ ತಿಳಿಯಿತು. ನಕ್ಕು ಇನ್ನೊಂದು ಚಮಚ ಹಾಕಿದಳು.

ಲಾರ್ಜುಂಗ್

ಅಲ್ಲಿಂದ ಮೇಲೆ ಬೆಟ್ಟಗಳು ದೂರ ಸರಿದು ನದಿಯ ಪಾತ್ರ ಒಂದು ಬಯಲಾಗುತ್ತದೆ. ಎಡಕ್ಕೆ ಧವಳಗಿರಿ, ಬಲಕ್ಕೆ ನೀಲಗಿರಿ, ನಡುವೆ ಕಪ್ಪು ಉಸುಕು ಮತ್ತು ಗುಂಡುಗಲ್ಲಿನ ಹರವು. ನಮ್ಮ ವಿಜಾಪುರದ ಎರೆಹೊಲವನ್ನು ಸುಗ್ಗಿಯಾದ ಮೇಲೆ ನೋಡಿದರೆ ಹೀಗೆಯೇ ಕಾಣುತ್ತದೆ. ಹಿಮದ ಬೆಟ್ಟಗಳನ್ನು ಯಾರೋ ತಂದು ನಮ್ಮ ಹೊಲದ ಬದುವಿಗೆ ಇಟ್ಟಿದ್ದರು ಅನ್ನಬೇಕು. ಹಾದಿ ಇಲ್ಲ, ನದಿಯ ಪಾತ್ರವೇ ಹಾದಿ.

ಹತ್ತು ಗಂಟೆಗೆ ಬೆನ್ನ ಹಿಂದಿನಿಂದ ಗಾಳಿ ಶುರುವಾಯಿತು. ಗಡಿಯ ಗುಮಾಸ್ತ ಹೇಳಿದ್ದ ಗಾಳಿ ಇದೇ ಎಂದುಕೊಂಡು, ಅದು ಜೋರಾಗುವ ಮೊದಲು ಬಯಲು ದಾಟಿಬಿಡುವ ಆತುರದಲ್ಲಿ ನಾನು ಗಾಡಿ ಓಡಿಸಿದೆ.

"ಸಾವಕಾಶ ಹೋಗ್ರಿ," ಎಂದು ಅವಳು ಎರಡು ಸಲ ಕೂಗಿದ್ದು ಕೇಳಿಸಿತು. ಗಾಳಿಯಲ್ಲಿ ಕೇಳಿಸಲಿಲ್ಲ ಎಂಬಂತೆ ಓಡಿಸಿದೆ. ಹಿಂದಿನ ಗಾಲಿ ಒಂದು ಚೂಪು ಕಲ್ಲಿಗೆ ಬಡಿಯಿತು. ಗಾಡಿ ನಾಲ್ಕು ಮಾರು ತೂರಾಡಿ ನಿಂತಿತು. ಟ್ಯೂಬು ಒಡೆದಿತ್ತು, ಟೈರಿನ ಪಕ್ಕದ ಗೋಡೆ ಎರಡು ಬೆರಳಿನಷ್ಟು ಸೀಳಿತ್ತು.

ಬದಲಿ ಟೈರು ನಮ್ಮಲ್ಲಿರಲಿಲ್ಲ. ಗಾಲಿ ಬಿಚ್ಚಿ, ಟೈರು ಕಳಚಿ, ಟ್ಯೂಬಿಗೆ ತೇಪೆ ಹಚ್ಚುತ್ತಿರುವಾಗ ಹೇಸರಗತ್ತೆಗಳ ಸಾಲೊಂದು ಬಂದು ನಮ್ಮ ಸುತ್ತ ನಿಂತಿತು. ಅವುಗಳ ಯಜಮಾನ ಬೀರಬಹಾದ್ದೂರ್ ಎಂಬ ಐವತ್ತರ ಆಸುಪಾಸಿನ ಆಳು. ಸೀಳು ನೋಡಿ, ಹೇಸರಗತ್ತೆಯ ಬೆನ್ನಿನ ತಡಿಯ ಹಳೆಯ ಚರ್ಮದ ಪಟ್ಟಿಯೊಂದರಿಂದ ಅಂಗೈಯಗಲ ಕೊಯ್ದು ಕೊಟ್ಟ. ಅದನ್ನು ಟೈರಿನ ಒಳಗೆ ಸೀಳಿಗೆ ಅಡ್ಡ ಅಂಟಿಸಿದರೆ ಟ್ಯೂಬು ಹೊರಗೆ ಉಬ್ಬುವುದಿಲ್ಲ. ಅಂಟು ಒಣಗಬೇಕಿತ್ತು. ಬೀರಬಹಾದ್ದೂರ್ ದೂರದಲ್ಲಿ ಬಂಡೆಯ ಮರೆಗೆ ಬೀಡಿ ಹಚ್ಚಿ ಕೂತ. ನಾವಿಬ್ಬರೂ ಗಾಡಿಯ ಮರೆಗೆ, ಗಾಳಿಗೆ ಬೆನ್ನು ಹಾಕಿ ಕೂತೆವು. ಉಸುಕು ಹಾವಿನಂತೆ ನೆಲಕ್ಕೆ ಅಂಟಿಕೊಂಡು ಹರಿಯುತ್ತಿತ್ತು. ಬೆಟ್ಟಗಳು ಅದರ ಮೇಲೆ ತೇಲುತ್ತಿದ್ದವು.

ನಾನು ಅಂದೆ: "ಗಿರಿಜಾ, ಅವತ್ತು ಇಂದಾಪುರದ ಹಾದಿಯೊಳಗ ಡೀಸೆಲ್ ಇರಲಿಲ್ಲ. ಹಿಂದಿನ ಟೈರು ಬೋಳಾಗಿತ್ತು. ಬದಲಿ ಮಾಡ್ರಿ ಅಂತ ಶರಣಪ್ಪ ಎರಡು ಸಲ ಹೇಳಿದ್ದ. ಇನ್ನೊಂದು ತಿಂಗಳು ನಡೀತದ ಅಂತ ನಾನ ಬಿಟ್ಟಿದ್ದೆ."

ಅವಳು ಚರ್ಮದ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ಹಿಡಿತ ಬಿಡಲಿಲ್ಲ.

"ಗೊತ್ತದ," ಅಂದಳು.

"ಹೆಂಗ?"

"ಕೈಗೆ ಪ್ಲಾಸ್ಟರ್ ಹಾಕ್ಕೊಂಡು ಶರಣಪ್ಪನ ಅಂಗಡಿಗೆ ಹೋಗಿದ್ದೆ. ಮೂಲ್ಯಾಗ ಬಿದ್ದಿತ್ತು ಟೈರು. ಎಡಗೈಲೆ ಸವರಿ ನೋಡಿದೆ. ನನ್ನ ಅಂಗೈಕಿಂತ ನುಣ್ಣಗಿತ್ತು." ಚರ್ಮದ ಅಂಚನ್ನು ಇನ್ನೊಮ್ಮೆ ಒತ್ತಿ ಅಂದಳು: "ಕೈ ಮುರದದ್ದಕ್ಕ ನನಗ ಸಿಟ್ಟು ಬಂದಿಲ್ರಿ. ಈ ವರ್ಷ ಹೇಳ್ತಾರ, ಮುಂದಿನ ವರ್ಷ ಹೇಳ್ತಾರ ಅಂತ ಕಾಯೂದಾತಲ್ಲ, ಅದು ಭಾಳ ಆತು."

ಅಂಟು ಒಣಗಿದ ಮೇಲೆ ಟೈರು ಕೂರಿಸಿದೆವು, ಅವಳು ಪಂಪು ತುಳಿದಳು. ಗಾಲಿ ಜೋಡಿಸಿದ ಮೇಲೆ ಅವಳು ಹತ್ತಲಿಲ್ಲ.

"ಸೀಳಿದ ಟೈರಿನ ಮ್ಯಾಲ ಇಬ್ಬರ ಭಾರ ಬ್ಯಾಡ. ನಾ ನಡಕೊಂತ ಬರ್ತೀನಿ," ಎಂದು ಬೀರಬಹಾದ್ದೂರನ ಸಾಲಿನ ಹಿಂದೆ ಹೊರಟೇಬಿಟ್ಟಳು. ಟೈರಿನ ಸಲುವಾಗಿಯೋ, ನನ್ನ ಸಲುವಾಗಿಯೋ ಕೇಳುವ ಧೈರ್ಯ ನನಗಾಗಲಿಲ್ಲ.

ಮಾರ್ಫಾ

ನಾನು ತುಕುಚೆ ಎಂಬ ಊರಿನ ಹೊರಗೆ ಒಂದು ಗೋಡೆಯ ಮರೆಯಲ್ಲಿ ಎರಡು ತಾಸು ಕಾದೆ. ಅವಳು ಬಂದದ್ದು ಒಂದು ಹೇಸರಗತ್ತೆಯ ಕುತ್ತಿಗೆಯ ಮೇಲೆ ಕೈ ಹಾಕಿಕೊಂಡು, ಬೀರಬಹಾದ್ದೂರನ ಯಾವುದೋ ಮಾತಿಗೆ ನಗುತ್ತ. ಮುಖವೆಲ್ಲ ಬೂದಿ ಬಣ್ಣದ ಧೂಳು. ನನ್ನನ್ನು ನೋಡಿಯೂ ನಗು ಹಾಗೆಯೇ ಇತ್ತು. ಅದು ನನಗೂ ಸೇರಿದ ನಗುವೋ ಅಲ್ಲವೋ ತಿಳಿಯದೆ ನಾನು ನೀರಿನ ಬಾಟಲಿ ಚಾಚಿದೆ.

ಸಂಜೆ ಹಾಗೆಯೇ, ನಾನು ಗಾಡಿಯ ಮೇಲೆ, ಅವಳು ನಡೆದು, ಮಾರ್ಫಾ ಮುಟ್ಟಿದೆವು. ಅಲ್ಲಿಯ ಮನೆಗಳಿಗೆ ಚಪ್ಪಟೆ ಮಾಳಿಗೆ, ನಮ್ಮ ಕಡೆಯ ಮಣ್ಣು ಹೊದಿಸಿದ ಮೇಲ್ಮುದ್ದೆಯ ಮನೆಗಳ ಹಾಗೆ. ಮಾಳಿಗೆಯ ಅಂಚಿಗೆ ಸುತ್ತಲೂ ಕಟ್ಟಿಗೆ ಒಟ್ಟಿರುತ್ತಾರೆ. ಎಷ್ಟು ಅಚ್ಚುಕಟ್ಟಾಗಿ ಒಟ್ಟಿದ್ದಾರೋ ಅಷ್ಟು ದೊಡ್ಡ ಮನೆತನ. ಆ ಕಟ್ಟಿಗೆಯನ್ನು ಉರಿಸುವುದು ಕಡಿಮೆಯಂತೆ, ನೋಡಲಿಕ್ಕೇ ಹೆಚ್ಚು. ಮಾಳಿಗೆಯ ಮೇಲೆ ಸೇಬಿನ ಹೋಳುಗಳು ಒಣಗುತ್ತಿದ್ದವು. ಊರೆಲ್ಲ ಅದೇ ವಾಸನೆ. ನಾವು ಒಂದು ದಿನ ಪೂರ್ತಿ ಅಲ್ಲಿ ಉಳಿದೆವು. ಗಿರಿಜಾ ಬಿಸಿಲಿಗೆ ಕಾಲು ಚಾಚಿ ಮಲಗಿದಳು. ನಾನು ಟೈರು ಹೊತ್ತುಕೊಂಡು ಜೀಪಿನಲ್ಲಿ ಜೋಮ್‌ಸೋಮಿಗೆ ಹೋಗಿ ಬಂದೆ. ಆ ಅಳತೆಯ ಟೈರು ಇಡೀ ಊರಿನಲ್ಲಿ ಇರಲಿಲ್ಲ. ಒಬ್ಬ ಚಪ್ಪಲಿ ಹೊಲಿಯುವವ ದಪ್ಪ ನೈಲಾನ್ ದಾರದಿಂದ ಸೀಳನ್ನು ಹೊಲಿದುಕೊಟ್ಟು, ಒಬ್ಬರೇ ಕೂತರೆ ನಡೆಯುತ್ತದೆ ಎಂದ.

ಅದನ್ನೇ ಗಿರಿಜಾಳಿಗೆ ಹೇಳಿದೆ. ಇಲ್ಲಿಂದ ತಿರುಗಿ ಹೋಗೋಣ ಎಂದೂ ಹೇಳಿದೆ.

"ಒಬ್ಬರ ಕೂತ್ರ ನಡೀತದ ಅಂದನಲ್ಲ," ಅಂದಳು. "ನಾ ಹಗುರ ಅದೀನಿ. ಜೋಮ್‌ಸೋಮ್ ದಾಟಿ ಕಾಗ್‌ಬೇನಿತನಕ ನಾ ಹೊಡೀತೀನಿ. ಅಲ್ಲಿ ನದಿ ಹೆಂಗ ತಿರುಗ್ತದ ನೋಡಬೇಕು ನನಗ."

"ನಿನ್ನ ಕೈ? ಕ್ಲಚ್ಚು, ಗೇರು ಎಲ್ಲಾ ಅದಾವು ಇದಕ್ಕ."

"ಕ್ಲಚ್ ಎಡಗೈಗೆ ಅದ. ಗೇರ್ ಕಲಸ್ರಿ."

ಮರುದಿನ ಗಾಳಿ ಏಳುವ ಮೊದಲು, ಊರ ಕೆಳಗಿನ ನದಿಯ ಪಾತ್ರದಲ್ಲಿ ಕಲಿಸಿದೆ. ಐದು ಸಲ ಗಾಡಿ ಬಂದ್ ಬಿತ್ತು. ಆರನೆಯ ಸಲ ಅದು ಮೆಲ್ಲಗೆ ಮುಂದೆ ಹೋಯಿತು. ನಾನು ಪಕ್ಕದಲ್ಲಿ ಓಡಿದೆ, ಆಮೇಲೆ ಹಿಂದೆ ಓಡಿದೆ, ಆಮೇಲೆ ನಿಂತೆ.

ಕಾಗ್‌ಬೇನಿ

ಅವಳು ಮುಂದೆ ಹೋದಳು, ನಾನು ನಡೆದೆ. ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದು ಕೇಳುತ್ತಿತ್ತು, ಆಮೇಲೆ ಒಂದು ಧೂಳಿನ ಎಳೆ ಕಾಣುತ್ತಿತ್ತು, ಜೋಮ್‌ಸೋಮ್ ದಾಟಿದ ಮೇಲೆ ಅದೂ ಇಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ನಾನೊಬ್ಬನೇ. ಪ್ರತಿ ಚೂಪು ಕಲ್ಲು ಕಂಡಾಗಲೂ ನಿಂತು, ಇದರ ಮೇಲೆ ಹೋಗಿರಬಹುದೇ ಎಂದು ನೋಡಿದೆ. ಹ್ಯಾಂಡಲ್ ಕೈಯಲ್ಲಿದ್ದಾಗ ಹೆದರಿಕೆ ಇಷ್ಟು ಉದ್ದ ಇರುವುದಿಲ್ಲ. ಹತ್ತು ಗಂಟೆಗೆ ಗಾಳಿ ಬಂದು ಬೆನ್ನಿಗೆ ಕೈ ಹಚ್ಚಿ ನೂಕತೊಡಗಿತು. ಎರಡು ಕಾಲಿಗೂ ಬೊಬ್ಬೆ ಎದ್ದಿದ್ದವು.

ಕಾಗ್‌ಬೇನಿಯ ಹೊರಗೆ, ಮಾತಾಡಿಕೊಂಡಿದ್ದ ಜಾಗದಲ್ಲಿ ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅವಳಿರಲಿಲ್ಲ. ಎಡಗಡೆಯ ಕಾಲುಮೆಟ್ಟು ಬಾಗಿತ್ತು, ಹ್ಯಾಂಡಲ್ ತುದಿಗೆ ಮಣ್ಣು ಮೆತ್ತಿತ್ತು. ನಾನು ಅವಳ ಹೆಸರು ಹಿಡಿದು ಕೂಗಿದೆ. ಗಾಳಿ ಹೆಸರನ್ನು ಉತ್ತರಕ್ಕೆ ಒಯ್ದಿತು. ಬೊಬ್ಬೆಗಾಲಲ್ಲೇ ನದಿಯ ಕಡೆಗೆ ಓಡಿದೆ.

ಮುಕ್ತಿನಾಥದ ಕಡೆಯಿಂದ ಬರುವ ಹೊಳೆ ಗಂಡಕಿಗೆ ಕೂಡುವಲ್ಲಿ, ಮೊಣಕಾಲಿನವರೆಗೆ ನೀರಿನಲ್ಲಿ ಅವಳು ನಿಂತಿದ್ದಳು. ಎದುರಿಗೆ ಕೆಂಪು, ಹಳದಿ, ಬೂದಿ ಬಣ್ಣದ ಬೋಳು ಬೆಟ್ಟಗಳ ನಡುವಿಂದ ನದಿ ಬರುತ್ತಿತ್ತು. ಆ ಕಡೆ ಬೇರೆಯೇ ಅಪ್ಪಣೆ ಪತ್ರವಿಲ್ಲದೆ ಹೊರದೇಶದವರನ್ನು ಬಿಡುವುದಿಲ್ಲ.

"ನಾ ಇದನ್ನ ತಪ್ಪು ಬರೀತಿದ್ದೆ," ಅಂದಳು, ನನ್ನ ಕಡೆ ನೋಡದೆ. "ಹಲಗಿ ಮ್ಯಾಲ ಇಷ್ಟು ಅಗಲ ಬರೀತಿದ್ದಿಲ್ಲ."

"ಬಿದ್ದೇನು?"

"ಎರಡು ಸಲ." ಮೊಣಕೈ ತೋರಿಸಿದಳು. ಚರ್ಮ ಕಿತ್ತು ರಕ್ತ ಒಣಗಿತ್ತು. "ಮೊದಲನೇ ಸಲ ಕಲ್ಲು ಅಡ್ಡ ಬಂತು. ಎರಡನೇ ಸಲ ಕಲ್ಲೂ ಇಲ್ಲ, ಏನೂ ಇಲ್ಲ. ಖುಷಿ ಆಗಿ ಮೂರನೇ ಗೇರಿಗೆ ಹಾಕಿದೆ." ಹೇಳುತ್ತ ಹೇಳುತ್ತ ನಗು ಬಂದು ಮಾತು ನಿಂತಿತು. ನನಗೂ ಬಂತು. ನಗುತ್ತ ನಗುತ್ತ ನನ್ನ ಕಣ್ಣು ತುಂಬಿದವು, ಅದಕ್ಕೆ ಉಸುಕು ಕಾರಣ ಎಂದು ಹೇಳಲು ಹೋಗಲಿಲ್ಲ.

ಅವಳು ನನ್ನ ಬೂಟು ಬಿಚ್ಚಿಸಿ ಕಾಲನ್ನು ನೀರಿಗೆ ಇಳಿಸಿದಳು. ನೀರು ಕೊರೆಯುವಷ್ಟು ತಣ್ಣಗಿತ್ತು, ಆಮೇಲೆ ಕಾಲೇ ಇಲ್ಲವೆನಿಸಿತು.

ಬಳಿಕ ಅವಳು ಗಾಡಿಯ ಹತ್ತಿರ ಹೋಗಿ ಹೊಲಿಗೆ ಹಾಕಿದ ಟೈರನ್ನು ಬಗ್ಗಿ ನೋಡಿ, ಕಿಕ್ ಹೊಡೆದಳು. ಎರಡು ಸಲ ಹಿಂದೆ ಒದೆಯಿತು, ಮೂರನೆಯದಕ್ಕೆ ಹತ್ತಿತು.

"ಊರೊಳಗ ಓಣಿ ಭಾಳ ಸಣ್ಣಾವು ಅದಾವಂತ," ಎಂದು ಎಂಜಿನ್ ಸದ್ದಿನ ಮೇಲೆ ಕೂಗಿದಳು. "ನೀವು ಮುಂದ ನಡೀರಿ. ಯಾರರ ಎದುರು ಬಂದ್ರ ಸರೀರಿ ಅಂತ ಹೇಳ್ರಿ."

ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಾನು ಮುಂದೆ ನಡೆದೆ. ಮನೆಗಳ ಕೆಳಗೆ ಹಾದುಹೋಗುವ ಮಣ್ಣುಗೋಡೆಯ ಕತ್ತಲ ಓಣಿ ಅದು, ಚಾಚಿದರೆ ಎರಡು ಕೈಗೂ ಗೋಡೆ ಸಿಗುತ್ತದೆ. ಒಬ್ಬ ಮುದುಕಿ ಹೊಸ್ತಿಲಲ್ಲಿ ಉಣ್ಣೆ ನೂಲುತ್ತಿದ್ದಳು, ನಾಲ್ಕು ಆಡುಗಳು ಹಾದಿಗೆ ಅಡ್ಡ ಮಲಗಿದ್ದವು. ಅವಕ್ಕೆ ಯಾವ ಭಾಷೆಯಲ್ಲಿ ಹೇಳಬೇಕೋ ತಿಳಿಯದೆ, ಸರೀರಿ, ಸರೀರಿ, ಅಕ್ಕೋರು ಬರಾಕತ್ಯಾರ ಎಂದು ಕನ್ನಡದಲ್ಲೇ ಕೂಗುತ್ತ ಹೋದೆ. ಆಡುಗಳು ಎದ್ದು ಸರಿದವು. ಮುದುಕಿ ಕದಿರು ಎತ್ತಿ ಎದೆಗೆ ಹಿಡಿದುಕೊಂಡು, ನನ್ನನ್ನು ದಾಟಿ, ನನ್ನ ಹಿಂದೆ ಗುಡುಗುತ್ತ ಬರುತ್ತಿದ್ದ ಗಾಡಿಯ ಕಡೆಗೆ ನೋಡಿದಳು.